ಕಾರ್ಬನ್ ಫೈಬರ್ ಕೋಲಿನಿಂದ ಅಲ್ಯೂಮಿನಿಯಂ ಪ್ಲಗ್ ಕಿತ್ತು ಬಂತು (12 ಇಂಚಿನ ಟ್ರಸ್ ಡಾಬ್), ಸಹಾಯ ಬೇಕು

ಹಾಸನದ_ಇರುಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಹೇಳದಿದ್ದರೆ ಯಾರಿಗೂ ಸರಿಯಾಗಿ ಉತ್ತರ ಕೊಡಲು ಆಗುವುದಿಲ್ಲ.

ನನ್ನದು 12 ಇಂಚಿನ ಕನ್ನಡಿಯ ಟ್ರಸ್ ಡಾಬ್, ಅಂದರೆ ಮುಚ್ಚಿದ ಕೊಳವೆಯ ಬದಲು ಕೋಲುಗಳ ಚೌಕಟ್ಟು (ಟ್ರಸ್) ಇರುವ ಡಾಬ್ಸೋನಿಯನ್ ದೂರದರ್ಶಕ. ನಾಭಿದೂರ ಕನ್ನಡಿಯ ಅಗಲದ ಐದು ಪಟ್ಟು (ಎಫ್ 5), ಸುಮಾರು 1500 ಮಿ.ಮೀ. ಕೆಳಗೆ ಪ್ಲೈವುಡ್ ಪೆಟ್ಟಿಗೆ, ಮೇಲೆ ಫೋಕಸರ್ ಮತ್ತು ಚಿಕ್ಕ ಕನ್ನಡಿ ಇರುವ ಬಳೆ, ಎರಡರ ನಡುವೆ 8 ಕೋಲು. ಈ ಕೋಲುಗಳಿಗೆ ಕಾರ್ಬನ್ ಫೈಬರ್ ಕೊಳವೆ ಹಾಕಿದ್ದೇನೆ. ಹೊರಗೆ 25, ಒಳಗೆ 23 ಮಿ.ಮೀ., ಉದ್ದ 1150. ಮೇಲೆ ಬಟ್ಟೆಯ ನೇಯ್ಗೆ ಕಾಣುತ್ತದೆ. ಅಲ್ಯೂಮಿನಿಯಂ ಹಾಕಿದ್ದರೆ ಒಂದು ಕೋಲು 280 ಗ್ರಾಂ ಹತ್ತಿರ ಬರುತ್ತಿತ್ತು, ಇದು 135 ಗ್ರಾಂ. ಎಂಟೂ ಸೇರಿ ಒಂದು ಕೆ.ಜಿ.ಗಿಂತ ಜಾಸ್ತಿ ಉಳಿಯುತ್ತದೆ. ಮೇಲಿನ ಭಾರ ಇಳಿದಷ್ಟೂ ಕೆಳಗೆ ಸಮತೋಲಕ್ಕೆ ಹಾಕುವ ಕಬ್ಬಿಣವೂ ಕಡಿಮೆ ಆಗುತ್ತದೆ, ಒಬ್ಬನೇ ಎತ್ತಿ ಕಾರಿಗೆ ಹಾಕುವವನಿಗೆ ಅದು ದೊಡ್ಡ ವಿಷಯ.

ಪ್ರತಿ ಕೋಲಿನ ಎರಡೂ ತುದಿಗೆ ಅಲ್ಯೂಮಿನಿಯಂ ಪ್ಲಗ್. 40 ಮಿ.ಮೀ. ಉದ್ದ, ನಡುವೆ ಎಂ6 (6 ಮಿ.ಮೀ. ಬೋಲ್ಟಿನ) ಥ್ರೆಡ್. ಲೇತಿನವರಿಗೆ ಟೈಟಾಗಿ ಕೂರಬೇಕು ಅಂತ ಹೇಳಿ 22.95ಕ್ಕೆ ಮಾಡಿಸಿದೆ. ಐದು ನಿಮಿಷದ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ, ಬೇಗ ಗಟ್ಟಿಯಾಗುವ ಅಂಟು) ಸವರಿ, ಮರದ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿದೆ. ಒಂದೂವರೆ ವರ್ಷ ಚೆನ್ನಾಗಿತ್ತು.

ಕಳೆದ ಅಮಾವಾಸ್ಯೆಗೆ ಬಿಸಿಲೆ ಘಾಟಿ ಕಡೆ ಹೋಗಿದ್ದೆವು. ರಾತ್ರಿ ಎರಡು ಗಂಟೆಗೆ ಇಬ್ಬನಿ ಎಷ್ಟು ಬಿತ್ತು ಅಂದರೆ ಕೋಲುಗಳ ಮೇಲೆ ನೀರು ಹನಿಯಾಗಿ ಇಳಿಯುತ್ತಿತ್ತು, ಸಾಕು ಅಂತ ಬಿಚ್ಚೋಕೆ ಶುರು ಮಾಡಿದೆ. ಒಂದು ಕೋಲಿನ ಬೋಲ್ಟು ತಿರುಗಿಸಿದರೆ ಬೋಲ್ಟಿನ ಜೊತೆ ಪ್ಲಗ್ಗೂ ತಿರುಗಿತು. ಇನ್ನೊಂದು ಸುತ್ತು ತಿರುಗಿಸಿದರೆ ಪ್ಲಗ್ ಕೈಗೇ ಬಂತು. ಮನೆಗೆ ಬಂದು ಉಳಿದ 15ನ್ನೂ ತಿರುಚಿ ನೋಡಿದೆ, ಇನ್ನೂ ಎರಡು ಕಟಕ್ ಅಂದವು. ಆಮೇಲೆ ಹೊಳೆಯಿತು: ಎರಡು ತಿಂಗಳಿಂದ, ಕನ್ನಡಿಗಳು ಒಂದೇ ಸಾಲಿನಲ್ಲಿ ಇವೆಯಾ ಅಂತ ನೋಡೋಕೆ ಹಾಕುವ ಲೇಸರಿನ ಚುಕ್ಕೆ, ದೂರದರ್ಶಕವನ್ನು ನೆತ್ತಿಯಿಂದ ಕೆಳಗೆ ಇಳಿಸಿದ ಹಾಗೆ, ಮುಖ್ಯ ಕನ್ನಡಿಯ ಮೇಲೆ 8 ಮಿ.ಮೀ. ಓಡುತ್ತಿತ್ತು. ಕನ್ನಡಿಯ ತೊಟ್ಟಿಲು ಸಡಿಲ ಅಂತ ಅದನ್ನೇ ಮೂರು ಸಲ ಬಿಚ್ಚಿ ಕಟ್ಟಿದ್ದೆ. ತಪ್ಪು ಇದ್ದದ್ದು ಇಲ್ಲಿ.

ಈಗ ಯಾವ ಅಂಟು ಹಾಕಲಿ? ಅಂಟನ್ನೇ ನಂಬದೆ ಅಡ್ಡಕ್ಕೆ ಒಂದು ರಿವೆಟ್ ಹೊಡೆದುಬಿಡಲೇ? ಗಟ್ಟಿ ಇರುವ ಹದಿಮೂರನ್ನು ಹಾಗೇ ಬಿಡಬಹುದಾ, ಅಥವಾ ಎಲ್ಲವನ್ನೂ ಕೀಳಬೇಕಾ? ಕೀಳುವುದು ಹೇಗೆ ಅನ್ನುವುದೂ ಗೊತ್ತಾಗುತ್ತಿಲ್ಲ, ಕೊಳವೆ ಸೀಳಿದರೆ ಮತ್ತೆ ಅಷ್ಟು ದುಡ್ಡು ಹಾಕುವ ಸ್ಥಿತಿಯಲ್ಲಿ ಇಲ್ಲ.

ಕಾರ್ಬನ್_ಕೆಲಸ:

ಉತ್ತರ ಹೇಳುವ ಮುಂಚೆ ಒಂದು ಪ್ರಶ್ನೆ. ಕಿತ್ತು ಬಂದ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಒಣಗಿದ ಅಂಟು ಯಾರ ಕಡೆ ಉಳಿದಿದೆ? ಪ್ಲಗ್ಗಿನ ಮೇಲಾ, ಕೊಳವೆಯ ಒಳಗೋಡೆಗಾ, ಎರಡೂ ಕಡೆ ಹರಿದು ಹಂಚಿಹೋಗಿದೆಯಾ?

ಹಾಸನದ_ಇರುಳು:

ಈಗ ಟಾರ್ಚ್ ಹಾಕಿ ನೋಡಿದೆ ಸರ್. ಪ್ಲಗ್ ಬಹುತೇಕ ಬೋಳು. ಲೇತಿನ ಗೆರೆಗಳು ಹಾಗೇ ಹೊಳೆಯುತ್ತಿವೆ. ಅಂಚಿನಲ್ಲಿ ಸುತ್ತಲೂ ಬಿಳಿ ಪುಡಿ, ಉಗುರಿನಲ್ಲಿ ಕೆರೆದರೆ ಸುಣ್ಣದ ಹಾಗೆ ಉದುರುತ್ತದೆ. ಕೊಳವೆಯ ಒಳಗೆ ತೆಳ್ಳಗೆ ಹಳದಿ ಪೊರೆ ಇದೆ, ಆದರೆ ಅಂಟಿನ ಮುಕ್ಕಾಲು ಪಾಲು ಪ್ಲಗ್ಗಿನ ಆಚೆ ತುದಿಯಲ್ಲಿ ಗುಡ್ಡೆಯಾಗಿ ಗಟ್ಟಿಯಾಗಿದೆ.

ಕಾರ್ಬನ್_ಕೆಲಸ:

ಹಾಗಾದರೆ ಕಾರಣ ಪೂರ್ತಿ ಸಿಕ್ಕಿತು. ನಾನು ಡ್ರೋನ್ ಚೌಕಟ್ಟು ಮಾಡುವ ಕೆಲಸದಲ್ಲಿದ್ದೇನೆ, ದಿನಾ ಇದನ್ನೇ ನೋಡುತ್ತೇನೆ. ಜೋಡಣೆ ಬಿಟ್ಟಾಗ ಅಂಟು ಯಾರನ್ನು ಬಿಟ್ಟು ಬಂದಿದೆಯೋ ಆ ಮೈ ಸರಿಯಾಗಿ ತಯಾರಾಗಿರಲಿಲ್ಲ ಅಂತ ಅರ್ಥ. ಕಾರ್ಬನ್ ಬೋಳಾಗಿದ್ದರೆ ಕೊಳವೆ ಮಾಡುವಾಗ ಅಚ್ಚಿಗೆ ಹಚ್ಚಿದ ಮೇಣ ಉಳಿದಿತ್ತು ಅಂತ. ಲೋಹ ಬೋಳಾಗಿದ್ದರೆ ಎಣ್ಣೆ, ಇಲ್ಲವೇ ಮೇಲಿನ ಆಕ್ಸೈಡ್ ಪದರ. ಎರಡೂ ಕಡೆ ಅಂಟು ಉಳಿದು ನಡುವೆ ಹರಿದಿದ್ದರೆ ಮಾತ್ರ ಅಂಟು ತನ್ನ ಪೂರ್ತಿ ಶಕ್ತಿ ತೋರಿಸಿ ಸೋತಿದೆ. ನಿಮ್ಮದು ಲೋಹದ ಕಡೆ ಬಿಟ್ಟಿದೆ, ಜೊತೆಗೆ ಬಿಳಿ ಪುಡಿ, ಅಂದರೆ ತುಕ್ಕು.

ಮೊದಲು ಒಂದು ಲೆಕ್ಕ. ಅಂಟಿಗೆ ಜಾಗ ಬಿಟ್ಟು ಪ್ಲಗ್ಗಿನ ವ್ಯಾಸ 22.6 ಮಿ.ಮೀ., ಉದ್ದ 40 ಅಂದುಕೊಳ್ಳಿ, ಅಂಟುವ ಮೈ ಸುಮಾರು 2840 ಚದರ ಮಿ.ಮೀ. ಬಿಸಿಲು, ವಯಸ್ಸು ಎಲ್ಲ ಕಳೆದು ಅಂಟಿನ ಶಕ್ತಿ ಚದರ ಮಿ.ಮೀ.ಗೆ ಬರೀ 5 ನ್ಯೂಟನ್ ಅಂತ ಹಿಡಿದರೂ 14,000 ನ್ಯೂಟನ್ ಆಯಿತು. ಸುಮಾರು 1.4 ಟನ್. ನಿಮ್ಮ ಮೇಲಿನ ಬಳೆ ಎಷ್ಟು, ಮೂರು ಕೆ.ಜಿ.? ಟ್ರಸ್ ಕೋಲಿಗೆ ಬರುವುದು ಉದ್ದಕ್ಕೆ ಎಳೆತ ಮತ್ತು ತಳ್ಳುವಿಕೆ, ಅದೂ ಕೆಲವೇ ಕೆ.ಜಿ. ಹಾಗಾಗಿ ಇನ್ನೂ ಗಟ್ಟಿ ಅಂಟು ಹುಡುಕುವುದರಲ್ಲಿ ಹೊತ್ತು ಕಳೆಯಬೇಡಿ. ಮೈ ತಯಾರಿ, ಅಂಟಿನ ದಪ್ಪ, ನೀರು ಸೇರದ ಹಾಗೆ ತಡೆ: ಕೆಲಸ ಇರುವುದು ಈ ಮೂರರಲ್ಲಿ.

ನಿಮ್ಮಲ್ಲಿ ದೊಡ್ಡ ತಪ್ಪು ಟೈಟ್ ಫಿಟ್. 22.95ರ ಪ್ಲಗ್ 23ರ ರಂಧ್ರಕ್ಕೆ ಹೋದಾಗ ಪ್ಲಗ್ಗಿನ ಅಂಚು ಅಂಟನ್ನೆಲ್ಲ ಬಳಿದು ಒಳಕ್ಕೆ ತಳ್ಳಿಬಿಡುತ್ತದೆ, ಆ ಗುಡ್ಡೆ ಅದೇ. ಉಳಿದದ್ದು ಒಂದೊಂದು ಕಡೆಗೆ 0.025 ಮಿ.ಮೀ. ದಪ್ಪದ ಪೊರೆ. ಈಗ ತಾಪಮಾನ ಸೇರಿಸಿ. ಮಧ್ಯಾಹ್ನ 30 ಡಿಗ್ರಿಯಲ್ಲಿ ಅಂಟಿಸಿದ್ದೀರಿ, ಬಿಸಿಲೆಯಲ್ಲಿ ರಾತ್ರಿ 12 ಡಿಗ್ರಿ ಅಂತಿಟ್ಟುಕೊಳ್ಳಿ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ 23 ಮೈಕ್ರಾನ್ ಕುಗ್ಗುತ್ತದೆ. ಬಟ್ಟೆ ಸುತ್ತಿ ಮಾಡಿದ ಕಾರ್ಬನ್ ಕೊಳವೆ ಹೆಚ್ಚು ಕಡಿಮೆ ಇದ್ದ ಹಾಗೇ ಇರುತ್ತದೆ. 18 ಡಿಗ್ರಿ ಇಳಿದರೆ ಪ್ಲಗ್ ಒಂದೊಂದು ಬದಿಗೆ ಐದು ಮೈಕ್ರಾನ್ ಹತ್ತಿರ ಒಳಕ್ಕೆ ಸರಿಯುತ್ತದೆ. 25 ಮೈಕ್ರಾನಿನ ಪೊರೆಯನ್ನು ಐದು ಮೈಕ್ರಾನ್ ಎಳೆದರೆ ಅದು ತನ್ನ ದಪ್ಪದ ಐದನೇ ಒಂದು ಭಾಗ ಹಿಗ್ಗಬೇಕು, ಗಡುಸಾದ ಐದು ನಿಮಿಷದ ಎಪಾಕ್ಸಿ ಅಷ್ಟು ಹಿಗ್ಗುವುದಿಲ್ಲ, ಬಿಟ್ಟುಕೊಡುತ್ತದೆ. ಅದೇ 0.2 ಮಿ.ಮೀ. ದಪ್ಪ ಇದ್ದಿದ್ದರೆ ಹಿಗ್ಗಬೇಕಾದದ್ದು ನೂರಕ್ಕೆ ಎರಡೂವರೆಗಿಂತ ಕಡಿಮೆ. ಅದನ್ನು ಒಳ್ಳೆಯ ಅಂಟು ತಡೆದುಕೊಳ್ಳುತ್ತದೆ.

ಐದು ನಿಮಿಷದ್ದನ್ನು ಈ ಕೆಲಸಕ್ಕೆ ಮರೆತುಬಿಡಿ. ನೀರಿಗೂ ಬಿಸಿಗೂ ಬೇಗ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ 60 ಡಿಗ್ರಿ ದಾಟುವುದು ನಮ್ಮಲ್ಲಿ ಮಾಮೂಲು. ನಿಧಾನಕ್ಕೆ ಗಟ್ಟಿಯಾಗುವ ಎರಡು ಭಾಗದ್ದು ತೆಗೆದುಕೊಳ್ಳಿ, ಎಲ್ಲಾ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅರಾಲ್ಡೈಟ್ ಸ್ಟ್ಯಾಂಡರ್ಡ್ ಸಾಕು. ದುಡ್ಡಿದ್ದರೆ 3ಎಂ ಡಿಪಿ 420 ತರಹದ ಟಫನ್ಡ್ ಎಪಾಕ್ಸಿ ಇನ್ನೂ ಒಳ್ಳೆಯದು, ಪೆಟ್ಟು ತಡೆಯುತ್ತದೆ.

ಹದಿಮೂರನ್ನೂ ಕೀಳಿ. ಒಂದೇ ದಿನ, ಒಂದೇ ರೀತಿ ಅಂಟಿಸಿದ್ದು, ಇವತ್ತು ಗಟ್ಟಿ ಇದ್ದರೂ ಮುಂದಿನ ಚಳಿಗಾಲಕ್ಕೆ ನಂಬುವ ಹಾಗಿಲ್ಲ.

ಕಡಲ_ತಡಿ:

ಆ ಬಿಳಿ ಪುಡಿ ಬಗ್ಗೆ ನಾನು ಹೇಳಲೇಬೇಕು. ನಮ್ಮದು ಉಡುಪಿ ಕಡೆ, ಮನೆಯಿಂದ ಸಮುದ್ರ ಎರಡು ಕಿಲೋಮೀಟರ್. ನನ್ನ ಕ್ಯಾಮೆರಾ ಸ್ಟ್ಯಾಂಡಿಗೆ ನಾನೇ ಕಾರ್ಬನ್ ಕಾಲು ಹಾಕಿ ಅಲ್ಯೂಮಿನಿಯಂ ಬುಷ್ ಅಂಟಿಸಿದ್ದೆ. ಒಂದೇ ಮಳೆಗಾಲ. ಬುಷ್ಷಿನ ಸುತ್ತ ಬಿಳಿ ಪುಡಿ ಉಬ್ಬಿ ಕೊಳವೆಯ ಅಂಚನ್ನೇ ಸೀಳಿತು.

ಕಾರ್ಬನ್ ನಾರಿನಲ್ಲಿ ಕರೆಂಟು ಹರಿಯುತ್ತದೆ. ಕಾರ್ಬನ್ನೂ ಅಲ್ಯೂಮಿನಿಯಂ ಕೂಡ ಒಂದಕ್ಕೊಂದು ತಾಗಿ ನಡುವೆ ನೀರು ನಿಂತರೆ ಅದು ಒಂದು ಪುಟ್ಟ ಬ್ಯಾಟರಿ, ಸವೆಯುವುದು ಯಾವಾಗಲೂ ಅಲ್ಯೂಮಿನಿಯಂ. ಇಬ್ಬನಿ ನೀರಿಗೂ ಆಗುತ್ತದೆ, ಉಪ್ಪು ಗಾಳಿ ಸೇರಿದರೆ ಇನ್ನೂ ಬೇಗ. ಟೈಟ್ ಫಿಟ್‌ನಲ್ಲಿ ಎಷ್ಟೋ ಕಡೆ ಲೋಹ ನೇರವಾಗಿ ನಾರಿಗೇ ತಾಗಿರುತ್ತದೆ. ಬಟ್ಟೆ ಹಾಕಿ ಒರೆಸಿದರೂ ಆ ಸಂದಿಯ ನೀರು ಹೋಗುವುದಿಲ್ಲ.

ಎರಡನೇ ಸಲ ನಾನು ಮಾಡಿದ್ದು ಹೀಗೆ: ಪ್ಲಗ್ಗಿಗೆ ಅಂಟು ಸವರಿ, ತೆಳ್ಳನೆಯ ಗಾಜಿನ ಬಟ್ಟೆ, ಚದರ ಮೀಟರಿಗೆ 50 ಗ್ರಾಂನದ್ದು, ಒಂದೇ ಸುತ್ತು ಸುತ್ತಿದೆ. ಆ ಗಾಜು ಎರಡನ್ನೂ ಬೇರೆ ಇಡುತ್ತದೆ, ಅಂಟಿನ ದಪ್ಪವನ್ನೂ ಕಾಯುತ್ತದೆ. ಕೊಳವೆಯ ಕತ್ತರಿಸಿದ ಅಂಚಿಗೂ ಅಂಟು ಬಳಿದು ಮುಚ್ಚಿದೆ, ನಾರಿನ ತುದಿಗಳು ಬರಿದಾಗಿರಬಾರದು. ನಾಲ್ಕು ಮಳೆಗಾಲ ಕಳೆಯಿತು, ಮಲ್ಟಿಮೀಟರ್ ಇಟ್ಟು ನೋಡಿದರೆ ಇವತ್ತಿಗೂ ಪ್ಲಗ್ಗಿನಿಂದ ಕಾರ್ಬನ್ನಿಗೆ ಕರೆಂಟು ದಾಟುವುದಿಲ್ಲ. ನೀವೂ ಹಾಗೆ ನೋಡಿ, ಎರಡು ನಿಮಿಷದ ಕೆಲಸ. ಕೊಳವೆಯ ಮೇಲೆ ರಾಳದ ಪದರ ಇರುತ್ತದೆ, ಮುಳ್ಳು ಇಡುವ ಕಡೆ ಚೂರು ಉಜ್ಜಿಕೊಳ್ಳಬೇಕು.

ರಿವೆಟ್ ದಯವಿಟ್ಟು ಬೇಡ. ಪಾಪ್ ರಿವೆಟ್ ಒಳಗೆ ಉಬ್ಬಿ ಹಿಡಿಯುವಂಥದ್ದು, ಕಾರ್ಬನ್ ಅದಕ್ಕೆ ಸೀಳುತ್ತದೆ, ಮೇಲಾಗಿ ಅದೂ ಅಲ್ಯೂಮಿನಿಯಂ.

ಪೀಣ್ಯ_ಲೇತ್:

ನಾನು ಲೇತ್ ಕಡೆಯವನು, ಪ್ಲಗ್ ಬಗ್ಗೆ ಎರಡು ಮಾತು.

ಟೈಟಾಗಿ ಬೇಕು ಅಂತ ಕೇಳಿದರೆ ಯಾವ ಟರ್ನರ್ ಆದರೂ ಟೈಟಾಗೇ ಮಾಡಿಕೊಡುತ್ತಾನೆ, ಅದು ಅವನ ಹೆಮ್ಮೆ. ಅಂಟಿಸೋಕೆ ಅಂತ ಹೇಳಿ, 22.6 ಅಂತ ಅಳತೆ ಬರೆದು ಕೊಡಿ. ಕೊಳವೆಯ ಒಳವ್ಯಾಸವನ್ನು ವರ್ನಿಯರಿನಲ್ಲಿ ನಾಲ್ಕು ಕಡೆ ಅಳೆದು ಆಮೇಲೆ ಬರೆಯಿರಿ, 23 ಅಂತ ಮಾರಿದ್ದು 22.9 ಬರಬಹುದು, 23.1 ಕೂಡ ಬರಬಹುದು.

ಇನ್ನೊಂದು, ಒಳಗೆ ಟೊಳ್ಳಿಲ್ಲದ ಗಟ್ಟಿ ಪ್ಲಗ್ ಯಾಕೆ? 22.6 ವ್ಯಾಸ, 40 ಉದ್ದದ ಗಟ್ಟಿ ಅಲ್ಯೂಮಿನಿಯಂ 43 ಗ್ರಾಂ ತೂಗುತ್ತದೆ. 16 ಸೇರಿ 690 ಗ್ರಾಂ. ನೀವು ಕಾರ್ಬನ್ ಹಾಕಿ ಉಳಿಸಿದ್ದು ಒಂದು ಕೆ.ಜಿ. ಚಿಲ್ಲರೆ, ಅಲ್ವಾ? ಒಳಗಿನ ಕಡೆಯಿಂದ 18 ಮಿ.ಮೀ. ಬೋರ್ (ಅಗಲದ ತೂತು) 28 ಆಳಕ್ಕೆ ಹೊಡೆಸಿ, ಥ್ರೆಡ್ಡಿಗೆ 12 ಮಿ.ಮೀ. ಉಳಿಯುತ್ತದೆ, ಎಂ6ಗೆ ಅದು ಧಾರಾಳ. ಒಂದು ಪ್ಲಗ್ 24 ಗ್ರಾಂಗೆ ಇಳಿಯುತ್ತದೆ. ಆ ಬೋರಿನ ಬಾಯನ್ನು ಸ್ವಲ್ಪ ಇಳಿಜಾರು ಮಾಡಿ ಅಂಚು ಒಂದು ಮಿ.ಮೀ.ಗೆ ತೆಳ್ಳಗಾಗುವ ಹಾಗೆ ಮಾಡಿಸಿದರೆ ಇನ್ನೂ ಒಳ್ಳೆಯದು. ಗಟ್ಟಿ ಲೋಹ ತಟ್ಟನೆ ಮುಗಿಯುವ ಜಾಗದಲ್ಲೇ ಅಂಟಿಗೆ ಜಾಸ್ತಿ ಹೊಡೆತ ಬೀಳುವುದು. ತೆಳ್ಳಗಾಗುತ್ತಾ ಹೋದರೆ ಅಂಚು ಸ್ವಲ್ಪ ಬಾಗಿ ಕೊಡುತ್ತದೆ.

ಮುಖದ ಮೇಲೆ, ಥ್ರೆಡ್ಡಿನ ಪಕ್ಕಕ್ಕೆ, 1.5 ಮಿ.ಮೀ. ತೂತು ಒಂದು ಹೊಡೆಸಿ. ಮರೆಯಬೇಡಿ. ಎರಡನೇ ತುದಿಯ ಪ್ಲಗ್ ತಳ್ಳುವಾಗ ಒಳಗಿನ ಗಾಳಿ ಹೋಗೋಕೆ ದಾರಿ ಇಲ್ಲದಿದ್ದರೆ ಸೈಕಲ್ ಪಂಪಿನ ಹಾಗೆ ಒತ್ತಡ ಬರುತ್ತದೆ. ರಾತ್ರಿ ಸರಿಯಾಗಿ ಕೂರಿಸಿ ಮಲಗಿದರೆ ಬೆಳಗ್ಗೆ ಪ್ಲಗ್ ಎರಡು ಮಿ.ಮೀ. ಹೊರಗೆ ಬಂದು ಅಲ್ಲೇ ಗಟ್ಟಿಯಾಗಿರುತ್ತದೆ. ನಮ್ಮ ಶೆಡ್ಡಿಗೆ ಬಂದವರೊಬ್ಬರ ಎರಡು ಕೋಲು ಹೀಗೇ ಹಾಳಾಗಿದ್ದವು.

ಸ್ಟೇನ್‌ಲೆಸ್ ಮಾಡಿಸಲೇ ಅಂತ ಕೇಳಬಹುದು. ತುಕ್ಕಿನ ಜಗಳ ಬಹಳ ಮಟ್ಟಿಗೆ ಮುಗಿಯುತ್ತದೆ, ಆದರೆ ಅದೇ ಅಳತೆಗೆ ಮೂರು ಪಟ್ಟು ಭಾರ. ಟೈಟಾನಿಯಂ ಎರಡಕ್ಕೂ ಚೆನ್ನ, ರೇಟು ಕೇಳಿ ನೋಡಿ. ಗಾಜಿನ ಬಟ್ಟೆ ಸುತ್ತುವುದಾದರೆ ಅಲ್ಯೂಮಿನಿಯಂ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಮರದ_ಕೈ:

ಲೋಹವೇ ಯಾಕೆ ಅಂತ ನಾನು ಕೇಳುತ್ತೇನೆ. ಶಿರಸಿಯಲ್ಲಿ ಮರಗೆಲಸ ಮಾಡುವವನು ನಾನು, ನನ್ನ 10 ಇಂಚಿನ ಡಾಬ್‌ಗೆ ಮರದ ಪ್ಲಗ್ ಹಾಕಿ ಐದು ವರ್ಷ ಆಯಿತು. ಗಟ್ಟಿ ಮರವನ್ನು ಕಡೆದು, ನಡುವೆ ಹಿತ್ತಾಳೆಯ ಥ್ರೆಡ್ ಇನ್ಸರ್ಟ್ ಕೂರಿಸಿ, ಎಪಾಕ್ಸಿಯಲ್ಲಿ ಅಂಟಿಸಿದ್ದು. ಎಪಾಕ್ಸಿ ಮರವನ್ನು ಹಿಡಿದುಕೊಳ್ಳುವ ಹಾಗೆ ಅಲ್ಯೂಮಿನಿಯಂ ಅನ್ನು ಹಿಡಿಯುವುದಿಲ್ಲ, ನಾರಿನ ಒಳಗೇ ಇಳಿಯುತ್ತದೆ. ತುಕ್ಕು ಇಲ್ಲ, ಭಾರ ಇಲ್ಲ. ತೇಗ ಮಾತ್ರ ಬೇಡ, ಅದರ ಎಣ್ಣೆ ಅಂಶ ಅಂಟಿಗೆ ಆಗುವುದಿಲ್ಲ. ನಾನು ಹಾಕಿದ್ದು ಮತ್ತಿ.

ಕಾರ್ಬನ್_ಕೆಲಸ:

ಮರದ ಪ್ಲಗ್ ಒಳ್ಳೆಯ ದಾರಿ, ಒಪ್ಪುತ್ತೇನೆ. ಒಂದೇ ಭಯ ಮಳೆಗಾಲ. ಮರ ನೀರು ಕುಡಿದು ಅಡ್ಡಕ್ಕೆ ಉಬ್ಬಿದರೆ ಒಂದು ಮಿ.ಮೀ. ದಪ್ಪದ ಕೊಳವೆಗೆ ಅದು ಒಳಗಿನಿಂದ ಬೆಣೆ ಹೊಡೆದ ಹಾಗೆ. ನೇಯ್ಗೆ ಇರುವ ಕೊಳವೆ ತಡೆದುಕೊಳ್ಳಬಹುದು, ಆದರೆ ನಾರೆಲ್ಲ ಉದ್ದಕ್ಕೇ ಇರುವ ಪುಲ್ಟ್ರೂಡೆಡ್ ಕೊಳವೆ ಬಿದಿರಿನ ಹಾಗೆ ಸೀಳುತ್ತದೆ.

ಮರದ_ಕೈ:

ಸರಿಯಾದ ಮಾತು. ಅದಕ್ಕೇ ಅಂಟಿಸುವ ಮುಂಚೆ ಪ್ಲಗ್ಗಿನ ಎಲ್ಲಾ ಮೈಗೂ, ತೂತಿನ ಒಳಗೂ, ಎರಡು ಸಲ ತೆಳ್ಳನೆಯ ಎಪಾಕ್ಸಿ ಕುಡಿಸಬೇಕು. ಅಡ್ಡ ಕತ್ತರಿಸಿದ ಮುಖಕ್ಕೆ ಮೂರು ಸಲ, ನೀರು ಹೀರುವುದು ಅಲ್ಲೇ. ಬೇಸಿಗೆಯಲ್ಲಿ ಒಣಗಿದ ಮರಕ್ಕೇ ಈ ಕೆಲಸ ಮಾಡಬೇಕು, ಜುಲೈನಲ್ಲಿ ಮಾಡಿದರೆ ಪ್ರಯೋಜನ ಇಲ್ಲ. ಶಿರಸಿಯ ಮಳೆ ಗೊತ್ತಲ್ಲ, ಐದು ವರ್ಷದಲ್ಲಿ ಒಂದೂ ಸೀಳಿಲ್ಲ.

ಹಾಸನದ_ಇರುಳು:

ಎಲ್ಲರಿಗೂ ತುಂಬಾ ಧನ್ಯವಾದ. ಅಲ್ಯೂಮಿನಿಯಂನಲ್ಲೇ ಮತ್ತೊಂದು ಸಲ ಮಾಡುತ್ತೇನೆ, 22.6, ಒಳಗೆ ಬೋರು, ಗಾಜಿನ ಬಟ್ಟೆ. ಹಳೆಯದನ್ನು ಕೀಳುವುದು ಹೇಗೆ, ಮೈ ತಯಾರಿ ಹೇಗೆ ಅಂತ ಯಾರಾದರೂ ಹಂತ ಹಂತವಾಗಿ ಹೇಳುತ್ತೀರಾ? ಹೀಟ್ ಗನ್ ಹಿಡಿಯೋಕೆ ಭಯ ಆಗುತ್ತಿದೆ.

ಕಾರ್ಬನ್_ಕೆಲಸ:

ಭಯ ಸರಿಯಾಗಿಯೇ ಇದೆ, ಹೀಟ್ ಗನ್ನಿನಲ್ಲಿ ಕೊಳವೆಯ ರಾಳವೇ ಸುಡಬಹುದು. ಕುದಿಯುವ ನೀರು ಉಪಯೋಗಿಸಿ. ಹಾಸನದ ಎತ್ತರದಲ್ಲಿ ನೀರು 97 ಡಿಗ್ರಿ ಹತ್ತಿರಕ್ಕೇ ಕುದಿಯುತ್ತದೆ, ಅದಕ್ಕಿಂತ ಮೇಲೆ ಹೋಗಲಾರದು. ಆ ಬಿಸಿಗೆ ಐದು ನಿಮಿಷದ ಎಪಾಕ್ಸಿ ಪೂರ್ತಿ ಮೆತ್ತಗಾಗುತ್ತದೆ, ಒಳ್ಳೆಯ ಕೊಳವೆಗೆ ಏನೂ ಆಗುವುದಿಲ್ಲ. ತುದಿಯನ್ನು ಹತ್ತು ನಿಮಿಷ ಮುಳುಗಿಸಿಡಿ. ಎಂ6 ಬೋಲ್ಟು ಮೊದಲೇ ಹಾಕಿ ನಟ್ಟಿನಿಂದ ಲಾಕ್ ಮಾಡಿ, ತೆಗೆದ ತಕ್ಷಣ ಬೋಲ್ಟಿನ ತಲೆಯನ್ನು ವೈಸಿನಲ್ಲಿ ಹಿಡಿದು ದಪ್ಪ ಗ್ಲೌಸ್ ಹಾಕಿಕೊಂಡು ಕೋಲನ್ನು ತಿರುಚುತ್ತಾ ಎಳೆಯಿರಿ. ಕೊಳವೆಯನ್ನು ವೈಸಿಗೆ ಹಾಕಬೇಡಿ, ಮುರುಕಲು ಸದ್ದು ಬಂದರೆ ಕೊಳವೆಯ ಕಥೆ ಮುಗಿಯಿತು.

ಆಮೇಲೆ ಕೊಳವೆ ಎರಡು ದಿನ ಒಣಗಲಿ. ಮರದ ಕಡ್ಡಿಯ ತುದಿ ಸೀಳಿ 120 ನಂಬರಿನ ಉಪ್ಪುಕಾಗದ ಸಿಕ್ಕಿಸಿ, ಒಳಗೆ 45 ಮಿ.ಮೀ. ತನಕ ಉಜ್ಜಿ. ಹೊಳಪು ಹೋಗಿ ಬೂದು ಬಣ್ಣ ಬಂದರೆ ಸಾಕು, ನಾರು ಕೀಳುವಷ್ಟು ಬೇಡ. ಸೋಪಿನ ನೀರು ಹಾಕಿಕೊಂಡೇ ಉಜ್ಜಿ, ಮಾಸ್ಕ್ ಹಾಕಿ. ಆ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಚರ್ಮಕ್ಕೆ ಚುಚ್ಚಿದರೆ ಎರಡು ದಿನ ಕೆರೆಯುತ್ತದೆ. ತೊಳೆದು, ಒಣಗಿಸಿ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿದ ಬಿಳಿ ಬಟ್ಟೆಯಲ್ಲಿ ಒರೆಸಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ ಒರೆಸಬೇಕು. ಪೇಂಟ್ ಥಿನ್ನರ್ ಬೇಡ, ಜಿಡ್ಡು ಬಿಟ್ಟುಹೋಗುತ್ತದೆ.

ಪ್ಲಗ್ಗಿಗೆ ಮೊದಲು ಎಣ್ಣೆ ತೆಗೆಯಿರಿ, ಆಮೇಲೆ ಉಜ್ಜಿ. ಉಲ್ಟಾ ಮಾಡಿದರೆ ಎಣ್ಣೆಯನ್ನು ಗೀರಿನ ಒಳಗೇ ತುಂಬಿದ ಹಾಗೆ ಆಗುತ್ತದೆ. ಉಜ್ಜಿ ತೊಳೆದ ಮೇಲೆ ನಲ್ಲಿ ನೀರು ಬಿಟ್ಟು ನೋಡಿ. ನೀರು ಒಂದೇ ಪೊರೆಯಾಗಿ ಹರಡಿಕೊಂಡರೆ ಮೈ ಶುದ್ಧ, ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಕಟ್ಟಿದರೆ ಇನ್ನೂ ಜಿಡ್ಡಿದೆ. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಕೂಡಲೇ ಮತ್ತೆ ಕಟ್ಟೋಕೆ ಶುರು ಆಗುತ್ತದೆ, ಅದಕ್ಕೇ ನಾವು ಮಾಡುವ ಉಪಾಯ ಹೇಳುತ್ತೇನೆ: ಕಲಸಿದ ಅಂಟನ್ನು ಪ್ಲಗ್ಗಿಗೆ ತೆಳ್ಳಗೆ ಸವರಿ, ಆ ಹಸಿ ಅಂಟಿನ ಒಳಗೇ ಮತ್ತೊಂದು ಸಲ ಉಪ್ಪುಕಾಗದದಿಂದ ಉಜ್ಜಿ. ಹೊಸ ಲೋಹ ಗಾಳಿ ನೋಡುವ ಮುಂಚೆ ಅಂಟನ್ನೇ ನೋಡುತ್ತದೆ. ಅಂಟು ಬೂದು ಬಣ್ಣ ಆಗುತ್ತದೆ, ಹೆದರಬೇಡಿ. ಅದರ ಮೇಲೆ ಗಾಜಿನ ಬಟ್ಟೆ ಸುತ್ತಿ, ಮತ್ತೆ ಸವರಿ, ಕೊಳವೆಯ ಒಳಗೂ ಸವರಿ, ತಿರುಗಿಸುತ್ತಾ ನಿಧಾನಕ್ಕೆ ಒಳಗೆ ಬಿಡಿ. ಥ್ರೆಡ್ಡಿಗೆ ಹಾಕಿದ ಬೋಲ್ಟಿಗೆ ಮೇಣದಬತ್ತಿ ಉಜ್ಜಿರಬೇಕು.

ಹಾಂ, ಮೊದಲು ಒಂದು ತುಂಡಿನ ಮೇಲೆ ಮಾಡಿ ನೋಡಿ. ನೇರವಾಗಿ ಎಂಟು ಕೋಲಿಗೆ ಇಳಿಯಬೇಡಿ.

ಅರಿಜೋನಾ_ಕನ್ನಡಿಗ:

ಒಂದು ಪ್ರಶ್ನೆ ಯಾರೂ ಎತ್ತಲಿಲ್ಲ: ಇಷ್ಟು ಕಷ್ಟಕ್ಕೆ ಕಾರ್ಬನ್ ಬೇಕಾ? ನಾನು ಇಲ್ಲಿ ಮರುಭೂಮಿಯಲ್ಲಿ ಫೋಟೋ ತೆಗೆಯುತ್ತೇನೆ, ಸಂಜೆಯಿಂದ ಬೆಳಗಿನ ಜಾವಕ್ಕೆ 15 ಡಿಗ್ರಿ ಇಳಿಯುವುದು ಸಾಮಾನ್ಯ. 1150 ಮಿ.ಮೀ. ಅಲ್ಯೂಮಿನಿಯಂ ಕೋಲು ಅಷ್ಟಕ್ಕೆ 0.4 ಮಿ.ಮೀ. ಗಿಡ್ಡ ಆಗುತ್ತದೆ. ಎಫ್ 5ರಲ್ಲಿ ಚಿತ್ರ ಚೂಪಾಗಿ ನಿಲ್ಲುವ ಜಾಗ 0.07 ಮಿ.ಮೀ. ಅಷ್ಟೇ. ಅಲ್ಯೂಮಿನಿಯಂ ಕೋಲಿದ್ದಾಗ ಗಂಟೆಗೊಮ್ಮೆ ಎದ್ದು ಫೋಕಸ್ ಸರಿ ಮಾಡುತ್ತಿದ್ದೆ, ಕಾರ್ಬನ್ ಹಾಕಿದ ಮೇಲೆ ಅದು ಬಹಳ ಕಡಿಮೆ ಆಯಿತು. ಬರೀ ಕಣ್ಣಿಟ್ಟು ನೋಡುವವರಿಗೆ ಇದು ಮುಖ್ಯ ಅಲ್ಲ, ಫೋಕಸರ್ ಒಂಚೂರು ತಿರುಗಿಸಿದರೆ ಆಯಿತು. ನಿಮಗೆ ಲಾಭ ಭಾರದಲ್ಲಿ ಮತ್ತು ಬಿಗಿಯಲ್ಲಿ. ಅಮೆರಿಕದ ಪಾಲೋಮಾರ್ ವೀಕ್ಷಣಾಲಯದ 200 ಇಂಚಿನ ದೂರದರ್ಶಕಕ್ಕೆ ಮಾರ್ಕ್ ಸೆರುರಿಯೇ 1930ರ ದಶಕದಲ್ಲಿ ತ್ರಿಕೋನದ ಟ್ರಸ್ ಲೆಕ್ಕ ಹಾಕಿದ್ದು ಚೌಕಟ್ಟು ಬಾಗಿದರೂ ಕನ್ನಡಿಗಳು ಒಂದಕ್ಕೊಂದು ಸಮನಾಗಿ ಉಳಿಯಲಿ ಅಂತ. ಒಂದು ಕೋಲಿನ ತುದಿ ಆಡಿದರೆ ಆ ಲೆಕ್ಕ ಪೂರ್ತಿ ಹೋಯಿತು, ನಿಮ್ಮ ಲೇಸರ್ ಚುಕ್ಕೆ ಓಡಿದ್ದು ಅದಕ್ಕೇ.

ಎಂಟೂ ಕೋಲಿನ ಉದ್ದ ಒಂದೇ ಬರಬೇಕು, ಅದಕ್ಕೆ ಒಂದು ಜಿಗ್ ಮಾಡಿಕೊಳ್ಳಿ. ಪ್ಲಗ್ಗಿಗೆ ಕಾಲರ್ (ಕೊಳವೆಯ ಅಂಚಿಗೆ ತಡೆದು ನಿಲ್ಲುವ ಅಗಲ ಅಂಚು) ಬೇಡ. ಕಾಲರ್ ಇದ್ದರೆ ಕೊಳವೆ ಎಲ್ಲಿ ಕತ್ತರಿಸಿದೆಯೋ ಅದೇ ಉದ್ದ ಬರುತ್ತದೆ, ಇಲ್ಲದಿದ್ದರೆ ಜಿಗ್ ಹೇಳಿದ ಉದ್ದ ಬರುತ್ತದೆ.

ಹೊಸ_ದುರ್ಬೀನು:

ನಾನು ಚಿಕ್ಕಮಗಳೂರಿನವನು, ಮೊದಲ ಸಲ ಟ್ರಸ್ ಮಾಡುತ್ತಿದ್ದೇನೆ, 10 ಇಂಚು. ಇದನ್ನೆಲ್ಲ ಓದಿ ಬರೆದಿಟ್ಟುಕೊಂಡೆ. ಜಿಗ್ ಅಂದರೆ ನಿಖರವಾಗಿ ಹೇಗಿರುತ್ತದೆ ಅಂತ ಯಾರಾದರೂ ಹೇಳುತ್ತೀರಾ?

ಹಾಸನದ_ಇರುಳು:

ಏಳು ವಾರ ಆಯಿತು, ನಡೆದದ್ದನ್ನು ಬರೆಯುತ್ತೇನೆ.

ಕುದಿಯುವ ನೀರು ಕೆಲಸ ಮಾಡಿತು. ಸ್ನಾನದ ಹಂಡೆಯಲ್ಲಿ ನಾಲ್ಕು ನಾಲ್ಕು ಕೋಲು ನಿಲ್ಲಿಸಿದೆ. ಹದಿಮೂರರಲ್ಲಿ ಹನ್ನೊಂದು ಸಲೀಸಾಗಿ ಬಂದವು, ಎರಡಕ್ಕೆ ಇನ್ನೊಂದು ಹತ್ತು ನಿಮಿಷ ಬೇಕಾಯಿತು. ಗಟ್ಟಿ ಇದ್ದವು ಅಂದುಕೊಂಡಿದ್ದ ಆರು ಪ್ಲಗ್ಗುಗಳ ಅಂಚಿನಲ್ಲೂ ಬಿಳಿ ಪುಡಿ ಶುರು ಆಗಿತ್ತು. ಎಲ್ಲವನ್ನೂ ಕೀಳಲು ಹೇಳಿದ್ದು ನೂರಕ್ಕೆ ನೂರು ಸರಿ.

ಹೊಸ ಪ್ಲಗ್ 18 ಮಾಡಿಸಿದೆ, ಎರಡು ಪರೀಕ್ಷೆಗೆ ಅಂತ ಜಾಸ್ತಿ. 15 ಸೆಂ.ಮೀ. ಕೊಳವೆ ತುಂಡಿಗೆ ಎರಡೂ ಕಡೆ ಅಂಟಿಸಿ, ಒಂದು ವಾರ ಬಿಟ್ಟು, ಹತ್ತು ದಿನ ರಾತ್ರಿ ಫ್ರೀಜರಿನಲ್ಲಿ ಇಟ್ಟೆ, ಮಧ್ಯಾಹ್ನ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟೆ. ನಡುವೆ ಮೂರು ದಿನ ಉಪ್ಪು ನೀರಿನ ಬಕೆಟ್. ಆಮೇಲೆ ಶೆಡ್ಡಿನ ಕಬ್ಬಿಣದ ತೊಲೆಗೆ ಕಟ್ಟಿ ಎರಡು ಸಿಮೆಂಟ್ ಮೂಟೆ ತೂಗುಹಾಕಿದೆ, 100 ಕೆ.ಜಿ. ಎರಡು ದಿನ ಹಾಗೇ ನೇತಾಡಿತು. ಇಳಿಸಿ ಮಲ್ಟಿಮೀಟರ್ ಇಟ್ಟೆ, ಕರೆಂಟು ದಾಟಲಿಲ್ಲ. ಕೊನೆಗೆ ತುಂಡನ್ನು ಉದ್ದಕ್ಕೆ ಗರಗಸದಲ್ಲಿ ಸೀಳಿ, ಉಳಿಯಿಟ್ಟು ಹೊಡೆದು ಪ್ಲಗ್ ಬಿಡಿಸಿದೆ. ಕಾರ್ಬನ್_ಕೆಲಸ ಸರ್, ನೀವು ಮೊದಲು ಕೇಳಿದ ಪ್ರಶ್ನೆಗೆ ಈ ಸಲದ ಉತ್ತರ: ಅಂಟು ಎರಡೂ ಕಡೆ ಉಳಿದಿದೆ. ಗಾಜಿನ ಬಟ್ಟೆಯ ಎಳೆಗಳು ಅರ್ಧ ಲೋಹಕ್ಕೆ, ಅರ್ಧ ಕಾರ್ಬನ್ನಿಗೆ ಹಿಡಿದು ಹರಿದಿವೆ. ಅದನ್ನು ನೋಡಿದಾಗ ಆದ ಖುಷಿ ಹೇಳಲಾರೆ, ಹೆಂಡತಿಯನ್ನು ಕರೆದು ಲೆನ್ಸ್ ಕೊಟ್ಟು ತೋರಿಸಿದೆ.

ಹೊಸ_ದುರ್ಬೀನು ಅವರೇ, ಜಿಗ್ ಹೀಗಿದೆ. ಎರಡು ಇಂಚಿನ ಅಲ್ಯೂಮಿನಿಯಂ ಚಾನೆಲ್, ನೆಟ್ಟಗಿರುವುದು, 1.3 ಮೀಟರ್. ಎರಡು ತುದಿಗೂ ಎಲ್ ಪಟ್ಟಿ ನಿಲ್ಲಿಸಿ ಬೋಲ್ಟು ಹಾಕಿದ್ದೇನೆ, ಪಟ್ಟಿಯಲ್ಲಿ 6.5 ಮಿ.ಮೀ. ತೂತು. ಎರಡು ಪಟ್ಟಿಗಳ ಒಳಮುಖದ ನಡುವೆ ಇರುವ ಅಳತೆಯೇ ಕೋಲಿನ ಕೊನೆಯ ಉದ್ದ, ನನ್ನದು 1154. ಮೊದಲ ದಿನ ಎಂಟೂ ಕೋಲಿಗೆ ಒಂದೊಂದು ತುದಿ ಮಾತ್ರ ಅಂಟಿಸಿದೆ. ಎರಡನೇ ತುದಿಯನ್ನು ಜಿಗ್‌ನಲ್ಲೇ, ದಿನಕ್ಕೊಂದು ಕೋಲು. ಎರಡೂ ಪ್ಲಗ್ಗಿನ ಮುಖ ಪಟ್ಟಿಗೆ ಒತ್ತಿ ಕೂರುವ ಹಾಗೆ ಬೋಲ್ಟು ಬಿಗಿಯಬೇಕು, ಅಂಟು ಅಂಟಿಕೊಳ್ಳದ ಹಾಗೆ ಪಟ್ಟಿಗೆ ಪ್ಲಾಸ್ಟಿಕ್ ಹಾಳೆ, ಗಾಳಿಯ ತೂತು ಮುಚ್ಚದ ಹಾಗೆ ಆ ಜಾಗದಲ್ಲಿ ಹಾಳೆಗೂ ಪಟ್ಟಿಗೂ ತೂತು. ಮೂರನೇ ಕೋಲಿಗೆ ಹಾಳೆ ಮಡಚಿಕೊಂಡಿದ್ದು ನೋಡಲಿಲ್ಲ, ಅದು 0.3 ಮಿ.ಮೀ. ಗಿಡ್ಡ ಬಂತು, ಅದಕ್ಕೊಂದು ತೆಳ್ಳನೆಯ ಹಿತ್ತಾಳೆ ವಾಷರ್ ಹಾಕಿದ್ದೇನೆ.

ಮೊನ್ನೆ ಅಮಾವಾಸ್ಯೆಗೆ ಮತ್ತೆ ಬಿಸಿಲೆಗೆ ಹೋಗಿದ್ದೆವು. ಲೇಸರ್ ಚುಕ್ಕೆ ನೆತ್ತಿಯಿಂದ 30 ಡಿಗ್ರಿ ಎತ್ತರದ ತನಕ ಇಳಿಸಿದರೂ ಒಂದೂವರೆ ಮಿ.ಮೀ. ಒಳಗೇ ನಿಂತಿತು. ಇಬ್ಬನಿ ಹೋದ ಸಲಕ್ಕಿಂತ ಜಾಸ್ತಿ ಇತ್ತು. ಮೂರು ಗಂಟೆಗೆ ಬಿಚ್ಚುವಾಗ ಹದಿನಾರೂ ಬೋಲ್ಟು ಒಂದೊಂದಾಗಿ ಕೈಯಿಟ್ಟು ನೋಡುತ್ತಾ ತಿರುಗಿಸಿದೆ, ಬೋಲ್ಟು ಮಾತ್ರ ತಿರುಗಿತು.

ಜಿಗ್ ಈಗ ಖಾಲಿ ಇದೆ. ಚಿಕ್ಕಮಗಳೂರು ದೂರ ಏನಲ್ಲ, ಭಾನುವಾರ ಬಂದರೆ ಕೊಟ್ಟು ಕಳಿಸುತ್ತೇನೆ. ನಿಮ್ಮ ಕೊಳವೆಯ ಒಳವ್ಯಾಸ ಅಳೆದುಕೊಂಡು ಬನ್ನಿ.